ಪುಟ್ಟ ವಿಮಾನದ ಎಡಸೀಟಿನಲ್ಲಿ ಕೂರುವ ಮುನ್ನ

ಅಮೆರಿಕದಲ್ಲಿರುವ ಮಗ ಹುಟ್ಟುಹಬ್ಬಕ್ಕೆಂದು ನಿಮಗೊಂದು ‘ಡಿಸ್ಕವರಿ ಫ್ಲೈಟ್’ ಕೊಡಿಸಿದ್ದಾನೆ. ಇಲ್ಲವೇ ಪಿಯುಸಿ ಮುಗಿಸಿದ ಮಗಳು ಪೈಲಟ್ಟೇ ಆಗುತ್ತೇನೆಂದು ಹಟ ಹಿಡಿದಿದ್ದಾಳೆ, ಫೀಸು ಕಟ್ಟುವ ಮೊದಲು ಒಮ್ಮೆ ಹಾರಿ ನೋಡಲಿ ಎಂದು ನೀವೇ ಹೊರಡಿಸಿದ್ದೀರಿ. ಒಳ್ಳೆಯ ಯೋಚನೆ. ಇಂಗ್ಲೆಂಡಿನಲ್ಲಿ ಇದಕ್ಕೆ ಟ್ರಯಲ್ ಲೆಸನ್ ಅನ್ನುತ್ತಾರೆ, ನಮ್ಮಲ್ಲಿ ಕೆಲವರು ಜಾಯ್‌ರೈಡ್ ಅಂದುಬಿಡುತ್ತಾರೆ. ಹೆಸರು ಏನೇ ಇರಲಿ, ಹೋಗುವ ಮುಂಚೆ ಹತ್ತು ನಿಮಿಷ ಕೂತು ನನ್ನ ಮಾತು ಕೇಳಿ. ನಮ್ಮಣ್ಣ ಬಹಳ ವರ್ಷ ಇಂಥ ಪುಟ್ಟ ವಿಮಾನಗಳಲ್ಲಿ ಹೊಸಬರಿಗೆ ಪಾಠ ಹೇಳಿದವನು. ರಾತ್ರಿ ಊಟಕ್ಕೆ ಕೂತಾಗ ಅವನು ಹೇಳುತ್ತಿದ್ದುದೆಲ್ಲ ನನಗೆ ಬಾಯಿಪಾಠ. ಆಮೇಲೆ ನಾನೂ ನಾಲ್ಕು ಸಲ ಆ ಸೀಟಿನಲ್ಲಿ ಕೂತು ಬಂದೆ.

ಮೊದಲ ಮಾತು ಇದು: ಈ ಹಾರಾಟದಲ್ಲಿ ನೀವು ಪ್ರಯಾಣಿಕರಲ್ಲ, ಅರ್ಧ ಗಂಟೆಯ ಮಟ್ಟಿಗೆ ವಿದ್ಯಾರ್ಥಿ. ನಿಮ್ಮನ್ನು ಕೂರಿಸುವುದು ಸಾಮಾನ್ಯವಾಗಿ ಮುಂದಿನ ಎಡಸೀಟಿನಲ್ಲಿ, ಅಂದರೆ ಪೈಲಟ್ಟಿನ ಜಾಗದಲ್ಲಿ. ಕಲಿಸುವವರು ಬಲಕ್ಕೆ ಕೂರುತ್ತಾರೆ. ಹಿಡಿಕೆ, ಪೆಡಲು ಎಲ್ಲ ಇಬ್ಬರಿಗೂ ಒಂದೊಂದು ಜೊತೆ ಇರುತ್ತವೆ. ನೀವು ತಪ್ಪಿದರೆ ಅವರು ತಿದ್ದುತ್ತಾರೆ. ಮೇಲೆ ಹೋದ ಮೇಲೆ ‘ಈಗ ನೀವು ಹಿಡೀರಿ’ ಎಂದು ವಿಮಾನವನ್ನು ನಿಮ್ಮ ಕೈಗೇ ಕೊಡುತ್ತಾರೆ. ಮೈಸೂರು ಅರಮನೆ ನೋಡಲು ಹೋದವರಂತೆ ಕಿಟಕಿಯಲ್ಲಿ ಮುಖವಿಟ್ಟು ಕೂತರೆ ಕೊಟ್ಟ ದುಡ್ಡು ಅರ್ಧಕ್ಕರ್ಧ ನೀರುಪಾಲು. ನೀರಿಗಿಳಿಯದೆ ಈಜು ಬಾರದು, ಹಿಡಿಕೆ ಮುಟ್ಟದೆ ಹಾರಾಟ ಅರ್ಥವಾಗದು.

ಜಾಗ ಗೊತ್ತುಮಾಡುವಾಗಲೇ ಬಾಯಿಬಿಟ್ಟು ಕೇಳಿ. ನಾವು ಮದುವೆ ಛತ್ರ ಗೊತ್ತುಮಾಡುವಾಗ ನೂರು ಪ್ರಶ್ನೆ ಕೇಳುತ್ತೇವೆ, ಪ್ರಾಣ ಒಪ್ಪಿಸುವ ಕಡೆ ಮಾತ್ರ ಸಂಕೋಚ! ನಮ್ಮ ದೇಶದಲ್ಲಾದರೆ ಆ ಸಂಸ್ಥೆಗೆ ವಿಮಾನಯಾನದ ಸರ್ಕಾರಿ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ಒಪ್ಪಿಗೆ ಇದೆಯೇ, ಕರೆದೊಯ್ಯುವವರಿಗೆ ಕಲಿಸುವ ಲೈಸೆನ್ಸ್ ಇದೆಯೇ, ವಿಮಾನ ಯಾವುದು, ನೆಲದ ಮೇಲಿನ ಸಮಯ ಬಿಟ್ಟು ಗಾಳಿಯಲ್ಲಿ ಎಷ್ಟು ನಿಮಿಷ, ನನಗೆ ಹಿಡಿಕೆ ಕೊಡುತ್ತೀರಾ, ಹವೆ ಕೆಟ್ಟರೆ ಹಣ ಏನಾಗುತ್ತದೆ, ಇಷ್ಟನ್ನು ಕೇಳಲೇಬೇಕು. ನೆಟ್ಟಗೆ ಉತ್ತರ ಕೊಡುವವರೇ ಒಳ್ಳೆಯವರು. ಸುಮ್ಮನೆ ಊರು ತೋರಿಸಿ ಇಳಿಸುವ ಸುತ್ತಾಟ ಬೇರೆ, ಕಲಿಸುವ ಹಾರಾಟ ಬೇರೆ. ನಿಮಗೆ ಯಾವುದು ಬೇಕೆಂದು ಮೊದಲೇ ಹೇಳಿ.

ಸಮಯ ಕೇಳಿದರೆ ಕಣ್ಣುಮುಚ್ಚಿ ಬೆಳಗಿನದನ್ನೇ ಹೇಳಿ. ಬಿಸಿಲೇರಿದಂತೆ ನೆಲ ಕಾಯುತ್ತದೆ. ಉತ್ತ ಹೊಲ ಒಂದು ಥರ, ಕೆರೆ ಒಂದು ಥರ, ಕಾಂಕ್ರೀಟು ಇನ್ನೊಂದು ಥರ ಕಾಯುತ್ತದೆ. ಬಿಸಿಗಾಳಿ ಅಲ್ಲಲ್ಲಿ ಮೇಲಕ್ಕೇಳುತ್ತದೆ, ಹಗುರ ವಿಮಾನ ಅದರ ಮೇಲೆ ಕುಕ್ಕುತ್ತಾ ಹೋಗುತ್ತದೆ. ಬೆಳಿಗ್ಗೆ ಅದೇ ಗಾಳಿ ಗಟ್ಟಿ ಮೊಸರಿನಂತೆ ಅಲುಗದೆ ಇರುತ್ತದೆ. ಇನ್ನೊಂದು ಕಾರಣವೂ ಇದೆ. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರದಲ್ಲಿ ಗಾಳಿ ಮೊದಲೇ ತೆಳು, ಮಧ್ಯಾಹ್ನದ ಬಿಸಿಲಿಗೆ ಇನ್ನೂ ತೆಳುವಾಗುತ್ತದೆ. ಆಗ ರೆಕ್ಕೆಗೂ ಎಂಜಿನ್ನಿಗೂ ಕಸುವು ಕಡಿಮೆ, ಏಳಲು ಹೆಚ್ಚು ದೂರ ಓಡಬೇಕು. ಚಳಿಗಾಲದಲ್ಲಿ ಮಾತ್ರ ಮಂಜು ಕರಗುವವರೆಗೆ ಕಾಯಿಸುತ್ತಾರೆ, ಕಾಯಿರಿ.

ಅವರು ತೂಕ ಕೇಳುತ್ತಾರೆ. ದಯವಿಟ್ಟು ನಿಜ ಹೇಳಿ. ವೈದ್ಯರ ಹತ್ತಿರ, ವಕೀಲರ ಹತ್ತಿರ ಸುಳ್ಳು ಹೇಳಬಾರದು ಅನ್ನುತ್ತಾರಲ್ಲ, ಆ ಸಾಲಿಗೆ ಪೈಲಟ್ಟನ್ನೂ ಸೇರಿಸಿಕೊಳ್ಳಿ. ಲೆಕ್ಕ ಹೇಳುತ್ತೇನೆ, ನೋಡಿ. ಇಂಥ ಹಾರಾಟಕ್ಕೆ ಜಗತ್ತಿನಲ್ಲೆಲ್ಲ ಬಳಸುವುದು ಸೆಸ್ನಾ 172 ಎಂಬ ನಾಲ್ಕು ಸೀಟಿನ ವಿಮಾನ. 1955ರಲ್ಲಿ ಮೊದಲ ಸಲ ಹಾರಿದ್ದು, ಈವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ಅದರ ಈಚಿನ ಮಾದರಿ ಎಲ್ಲ ಸೇರಿ 1157 ಕಿಲೋ ಮೀರಿ ಏಳುವಂತಿಲ್ಲ. ವಿಮಾನದ್ದೇ ತೂಕ, ತುಂಬಿದ ಟ್ಯಾಂಕಿನ ಪೆಟ್ರೋಲು ಕಳೆದರೆ ಜನಕ್ಕೂ ಸಾಮಾನಿಗೂ ಉಳಿಯುವುದು ಸುಮಾರು 240 ಕಿಲೋ. ಅಂದರೆ ಸೀಟು ನಾಲ್ಕಿದ್ದರೂ ಗಟ್ಟಿ ಮೈಕಟ್ಟಿನ ನಾಲ್ವರು ಟ್ಯಾಂಕು ತುಂಬಿಸಿ ಹೋಗುವಂತಿಲ್ಲ. ನಾಚಿಕೆಗೆ ಹತ್ತು ಕಿಲೋ ಕಮ್ಮಿ ಹೇಳಿ, ಕೈಚೀಲದಲ್ಲಿ ಚಕ್ಕುಲಿ ಡಬ್ಬಿ ಇಟ್ಟುಕೊಂಡು ಹೋದರೆ ಅವರ ಲೆಕ್ಕವೆಲ್ಲ ತಲೆಕೆಳಗು. ಒಟ್ಟು ತೂಕ ಮಾತ್ರವಲ್ಲ, ಅದು ಮುಂದಿದೆಯೋ ಹಿಂದಿದೆಯೋ ಎಂಬುದೂ ಮುಖ್ಯ. ‘ನೀವು ಹಿಂದೆ ಕೂರಿ’ ಅಂದರೆ ಮುನಿಸಿಕೊಳ್ಳಬೇಡಿ.

ಇನ್ನು ಆರೋಗ್ಯ. ಇಲ್ಲಿ ನನ್ನದೇ ತಪ್ಪು ಹೇಳಿಬಿಡುತ್ತೇನೆ. ಎರಡನೆಯ ಸಲ ಹೋದಾಗ ನನಗೆ ಮೂರು ದಿನದ ನೆಗಡಿ ಇತ್ತು. ಗೊತ್ತುಮಾಡಿದ್ದು ತಪ್ಪಿಹೋದೀತೆಂದು ಯಾರಿಗೂ ಹೇಳಲಿಲ್ಲ. ಏರುವಾಗ ಏನೂ ಆಗಲಿಲ್ಲ. ಇಳಿಯುವಾಗ ಬಲಗಿವಿಯೊಳಗೆ ಯಾರೋ ಕಡ್ಡಿ ಚುಚ್ಚಿದಂತಾಗಿ ಕಣ್ಣಲ್ಲಿ ನೀರು ಬಂತು. ಆಮೇಲೆ ನಾಲ್ಕು ದಿನ ಆ ಕಿವಿ ಸರಿಯಾಗಿ ಕೇಳಲಿಲ್ಲ. ದೊಡ್ಡ ವಿಮಾನದಲ್ಲಿ ಒಳಗಿನ ಗಾಳಿಯ ಒತ್ತಡವನ್ನು ಯಂತ್ರ ನೋಡಿಕೊಳ್ಳುತ್ತದೆ. ಈ ಪುಟ್ಟ ವಿಮಾನಗಳಲ್ಲಿ ಅದಿಲ್ಲ, ಹೊರಗಿನ ಒತ್ತಡವೇ ಒಳಗೂ. ಮೂಗು ಕಟ್ಟಿದಾಗ ಮೂಗಿನ ಹಿಂಭಾಗಕ್ಕೂ ಕಿವಿಗೂ ನಡುವಿನ ಸಣ್ಣ ನಾಳವೂ ಕಟ್ಟಿರುತ್ತದೆ, ಒತ್ತಡ ಸರಿಹೋಗಲು ದಾರಿ ಇರುವುದಿಲ್ಲ. ಆದ್ದರಿಂದ ನೆಗಡಿ ಇದ್ದರೆ ದಿನ ಬದಲಾಯಿಸಿ. ನಿದ್ದೆ ಬರಿಸುವ ನೆಗಡಿ ಮಾತ್ರೆ ನುಂಗಿ ಹೋಗುವ ಜಾಣತನ ಬೇಡ. ಮೂಗು ಸರಿಯಾಗಿದ್ದವರಿಗೆ ಪೆಪ್ಪರ್‌ಮಿಂಟು ಚೀಪುತ್ತಾ ಎಂಜಲು ನುಂಗಿದರೆ ಸಾಕಾಗುತ್ತದೆ. ಬಸುರಿಯರು, ಹೃದಯದ ತೊಂದರೆ ಇರುವವರು, ಈಚೆಗೆ ಆಪರೇಷನ್ ಆದವರು ತಮ್ಮ ವೈದ್ಯರನ್ನು ಕೇಳದೆ ಹೊರಡಬಾರದು. ಹಿಂದಿನ ರಾತ್ರಿ ಪಾರ್ಟಿಗೆ ಹೋಗಿ ಕುಡಿದು ಬರುವ ಹುಡುಗರಿಗೆ ನಾನು ಹೇಳುವುದು ಒಂದೇ: ಅಂದು ಹೋಗಬೇಡಿ.

ಊಟದ ವಿಷಯದಲ್ಲಿ ಎರಡು ಥರದ ತಪ್ಪು ಮಾಡುತ್ತೀರಿ. ವಾಂತಿಯಾದೀತೆಂದು ಖಾಲಿಹೊಟ್ಟೆಯಲ್ಲಿ ಬರುವವರು ಕೆಲವರು, ಬೆಳಿಗ್ಗೆಯೇ ಬೋಂಡಾ, ಪೂರಿ ಹೊಡೆದು ಬರುವವರು ಕೆಲವರು. ಖಾಲಿಹೊಟ್ಟೆಗೂ ತೊಳಸುತ್ತದೆ, ಎಣ್ಣೆತಿಂಡಿಗೂ ತೊಳಸುತ್ತದೆ. ಎರಡು ಇಡ್ಲಿಯೋ ಒಂದು ಬಾಳೆಹಣ್ಣೋ ತಿಂದು ಒಂದು ಗಂಟೆ ಬಿಟ್ಟು ಹೋಗಿ. ಮೇಲೆ ಶೌಚಾಲಯ ಇಲ್ಲ, ಕಾಫಿಯನ್ನು ವಾಪಸು ಬಂದ ಮೇಲೆ ಕುಡಿಯಿರಿ. ಬಟ್ಟೆ ಹತ್ತಿಯದಾಗಿರಲಿ, ಪ್ಯಾಂಟೋ ಚೂಡಿದಾರವೋ ಸರಿ. ಸೀರೆ, ಉದ್ದನೆಯ ದುಪಟ್ಟಾ ಬೇಡ. ಪೆಡಲಿಗೂ ಹಿಡಿಕೆಗೂ ಸಿಕ್ಕಿಕೊಳ್ಳುತ್ತದೆ. ಹಿಮ್ಮಡಿ ಎತ್ತರದ ಚಪ್ಪಲಿ ಬಿಟ್ಟು ತೆಳು ಅಟ್ಟೆಯ ಷೂ ಹಾಕಿ. ಪೆಡಲು ಎಷ್ಟು ಒತ್ತುತ್ತಿದ್ದೀರೆಂದು ಪಾದಕ್ಕೆ ತಿಳಿಯಬೇಕು. ತಂಪು ಕನ್ನಡಕ ಇರಲಿ.

ವಿಮಾನದ ಬಳಿಗೆ ಕರೆದೊಯ್ಯುವಾಗ ಅವರ ಹಿಂದೆಯೇ ನಡೆಯಿರಿ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ: ನಿಂತಿರುವ ಪ್ರೊಪೆಲ್ಲರನ್ನು ಮುಟ್ಟಬೇಡಿ, ಅದಕ್ಕೆ ಒರಗಿ ಫೋಟೋ ತೆಗೆಸಿಕೊಳ್ಳಬೇಡಿ. ಅದರ ಎಂಜಿನ್ನಿನ ಕಿಡಿ ಬ್ಯಾಟರಿಯಿಂದ ಬರುವುದಿಲ್ಲ. ಮ್ಯಾಗ್ನೆಟೋ ಎಂಬ ಸಾಧನ ತಿರುಗಿದರೆ ತಾನೇ ಕಿಡಿ ಹುಟ್ಟುತ್ತದೆ. ಅದರಲ್ಲೇನಾದರೂ ದೋಷವಿದ್ದರೆ ಕೀಲಿ ತೆಗೆದಿದ್ದರೂ ಕೈಯಿಂದ ತಿರುಗಿಸಿದ ಪ್ರೊಪೆಲ್ಲರು ಒಮ್ಮೆ ಬೀಸಿಬಿಡಬಹುದು. ಓಡುತ್ತಿರುವಾಗಲಂತೂ ಅದು ಕಣ್ಣಿಗೇ ಕಾಣುವುದಿಲ್ಲ. ಮಕ್ಕಳಿದ್ದರೆ ಕೈ ಹಿಡಿದೇ ಇರಿ. ಹತ್ತುವುದೂ ಇಳಿಯುವುದೂ ಯಾವಾಗಲೂ ರೆಕ್ಕೆಯ ಹಿಂದಿನ ಕಡೆಯಿಂದ.

ಆಮೇಲೆ ಪೈಲಟ್ಟು ವಿಮಾನದ ಸುತ್ತ ಒಂದು ಪ್ರದಕ್ಷಿಣೆ ಬರುತ್ತಾರೆ. ಇದನ್ನು ನೋಡುವುದು ಬಿಟ್ಟು ಫೋನು ನೋಡುತ್ತಾ ನಿಲ್ಲುವವರನ್ನು ಕಂಡರೆ ನಮ್ಮಣ್ಣನಿಗೆ ಬಹಳ ಬೇಸರವಾಗುತ್ತಿತ್ತು. ರೆಕ್ಕೆಯಡಿಯಿಂದ ಪಾರದರ್ಶಕ ಲೋಟಕ್ಕೆ ಸ್ವಲ್ಪ ಪೆಟ್ರೋಲು ಬಿಟ್ಟು ಬೆಳಕಿಗೆ ಹಿಡಿಯುತ್ತಾರೆ. ವಿಮಾನದ ಪೆಟ್ರೋಲಿಗೆ ತಿಳಿನೀಲಿ ಬಣ್ಣ ಹಾಕಿರುತ್ತಾರೆ. ನೀರು ಸೇರಿದ್ದರೆ ಅದು ಭಾರವಾಗಿ ತಳದಲ್ಲಿ ಗುಳ್ಳೆಯಂತೆ ಕೂತಿರುತ್ತದೆ, ಕಂಡುಬಿಡುತ್ತದೆ. ಮುಳ್ಳು ತೋರಿಸಿದ್ದನ್ನು ನಂಬಿ ಸುಮ್ಮನಾಗದೆ ಟ್ಯಾಂಕಿನ ಮುಚ್ಚಳ ತೆಗೆದು ಕೋಲು ಅದ್ದಿ ಅಳೆಯುತ್ತಾರೆ, ಹಿಂದಿನ ಕಾಲದಲ್ಲಿ ನಮ್ಮಜ್ಜಿ ಕಣಜದ ಬತ್ತ ನೋಡುತ್ತಿದ್ದ ಹಾಗೆ. ವೇಗ ಅಳೆಯುವ ಕೊಳವೆಯೊಳಗೆ ಹುಳ ಗೂಡು ಕಟ್ಟಿದೆಯೇ, ಟೈರು ಸವೆದಿದೆಯೇ, ರೆಕ್ಕೆಯ ಕೀಲು ಸಡಿಲವೇ ಎಂದು ಕೈಯಾಡಿಸುತ್ತಾರೆ. ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ‘ಎಷ್ಟೊತ್ತು ಸಾರ್’ ಎನ್ನಬೇಡಿ, ಆತುರಗಾರನಿಗೆ ಬುದ್ಧಿ ಮಟ್ಟ. ಜೊತೆಗೇ ಸುತ್ತಿ, ಪ್ರಶ್ನೆ ಕೇಳಿ. ಹೇಳಿಕೊಡಲು ಅವರಿಗೂ ಖುಷಿ.

ಬೆಂಗಳೂರಿನವರಿಗೆ ಒಂದು ಮಾತು. ಹೋಗುವ ಹಿಂದಿನ ಭಾನುವಾರ ಮನೆಮಂದಿಯೆಲ್ಲ ಎಚ್‌ಎಎಲ್‌ನ ವಿಮಾನ ವಸ್ತುಸಂಗ್ರಹಾಲಯಕ್ಕೆ ಹೋಗಿಬನ್ನಿ. ಅಲ್ಲಿನ ವಿನ್ಯಾಸಕಾರ ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿದ್ದು ನಮ್ಮೂರಲ್ಲೇ. 1958ರಲ್ಲಿ ಹಾರಿದ ಪುಷ್ಪಕ್ ಎಂಬ ಎರಡು ಸೀಟಿನ ವಿಮಾನದಲ್ಲಿ ದೇಶದ ಎಷ್ಟೋ ಫ್ಲೈಯಿಂಗ್ ಕ್ಲಬ್ಬುಗಳ ಹುಡುಗರು ಕಲಿತರು. ಎನ್‌ಎಎಲ್‌ನವರು ಮಾಡಿದ ಹಂಸ-3 ತರಬೇತಿ ವಿಮಾನಕ್ಕೆ 2000ದಲ್ಲಿ ಡಿಜಿಸಿಎ ಪ್ರಮಾಣಪತ್ರ ಸಿಕ್ಕಿತು. ಅದರ ಹೊಸ ರೂಪ 2021ರಲ್ಲಿ ಹಾರಿತು. ಸರ್ಕಾರದ ವಿಮಾನ ತರಬೇತಿ ಶಾಲೆ ಇರುವ ಜಕ್ಕೂರು ಬಳ್ಳಾರಿ ರಸ್ತೆಯ ಪಕ್ಕದಲ್ಲೇ ಇದೆ, ದಿನಾ ಅದರ ಮುಂದೆ ಕಾರಿನಲ್ಲಿ ಹೋಗುವವರಿಗೂ ಅದು ಗೊತ್ತಿಲ್ಲ. ನಮ್ಮ ಮನೆಯಂಗಳದ ವಿದ್ಯೆ ಇದು, ಮಕ್ಕಳಿಗೆ ತೋರಿಸಿ.

ಮತ್ತೆ ನಮ್ಮ ಪುಟ್ಟ ವಿಮಾನಕ್ಕೆ ಬರೋಣ. ಒಳಗೆ ಕೂತರೆ ಮೊದಲಿಗೆ ಗಾಬರಿಯಾಗುತ್ತದೆ, ಏಕೆಂದರೆ ಜಾಗ ಹಳೆಯ ಮಾರುತಿ ಕಾರಿನಷ್ಟೇ ಇಕ್ಕಟ್ಟು. ಪಕ್ಕದವರ ತೋಳು ತಾಗುತ್ತದೆ. ಬಾಗಿಲು ಹಗುರ, ಜೋರಾಗಿ ಬಡಿಯಬೇಡಿ. ಬೆಲ್ಟು ಹಾಕುವುದನ್ನಷ್ಟೇ ಅಲ್ಲ, ತೆಗೆಯುವುದನ್ನೂ ಬಾಗಿಲು ತೆರೆಯುವುದನ್ನೂ ಒಮ್ಮೆ ಮಾಡಿ ನೋಡಿ. ಹೆಡ್‌ಸೆಟ್ಟಿನ ಮೈಕು ತುಟಿಗೆ ತಾಗುವಷ್ಟು ಹತ್ತಿರವಿರಲಿ. ರೇಡಿಯೋದಲ್ಲಿ ಮಾತು ಬರುವಾಗ ನೀವು ಬಾಯಿ ಮುಚ್ಚಿಕೊಂಡಿರಬೇಕು. ಏರುವಾಗಲೂ ಇಳಿಯುವಾಗಲೂ ಅಷ್ಟೇ. ಮಾತು ಬೆಳ್ಳಿ, ಮೌನ ಬಂಗಾರ ಎಂಬುದು ಇಲ್ಲಿ ಅಕ್ಷರಶಃ ನಿಜ. ಫೋನನ್ನು ಜಿಪ್ಪು ಇರುವ ಜೇಬಿನಲ್ಲಿಡಿ. ಅದು ಕೈತಪ್ಪಿ ಪೆಡಲಿನ ಸಂದಿಗೆ ಬಿದ್ದರೆ ಪೆಡಲು ಒತ್ತಲಾಗದೆ ವಿಮಾನವೇ ತೊಂದರೆಗೆ ಸಿಕ್ಕುತ್ತದೆ. ಫೋಟೋ ಬೇಕೇಬೇಕೆಂದರೆ ಹಿಂದೆ ಕೂತವರು ತೆಗೆಯಲಿ.

ನೆಲದ ಮೇಲೆ ಹೋಗುವಾಗ ಹೊಸಬರೆಲ್ಲ ಒಂದೇ ತಪ್ಪು ಮಾಡುತ್ತಾರೆ: ಮುಂದಿರುವ ಹಿಡಿಕೆಯನ್ನು ಕಾರಿನ ಸ್ಟಿಯರಿಂಗಿನಂತೆ ತಿರುಗಿಸುತ್ತಾರೆ. ಅದನ್ನು ಎಷ್ಟು ತಿರುಗಿಸಿದರೂ ವಿಮಾನ ತನ್ನ ಪಾಡಿಗೆ ನೇರ ಹೋಗುತ್ತದೆ. ನೆಲದಲ್ಲಿ ತಿರುಗಿಸುವುದು ಕಾಲಿನ ಪೆಡಲು. ಬಲ ಒತ್ತಿದರೆ ಬಲಕ್ಕೆ, ಎಡ ಒತ್ತಿದರೆ ಎಡಕ್ಕೆ. ಅದೇ ಪೆಡಲಿನ ಮೇಲ್ತುದಿ ಒತ್ತಿದರೆ ಬ್ರೇಕು. ರನ್‌ವೇ ಹತ್ತಿರ ನಿಲ್ಲಿಸಿ ಎಂಜಿನ್ ಜೋರು ಮಾಡುತ್ತಾರೆ, ವಿಮಾನ ಕಟ್ಟಿಹಾಕಿದ ಹೋರಿಯಂತೆ ನಡುಗುತ್ತದೆ. ನಿಮಿಷಕ್ಕೆ 1800 ಸುತ್ತಿನ ಆಸುಪಾಸಿನಲ್ಲಿಟ್ಟು ಕೀಲಿಯನ್ನು ಬಲಕ್ಕೊಮ್ಮೆ ಎಡಕ್ಕೊಮ್ಮೆ ಮಾಡಿದಾಗ ಸದ್ದು ಸ್ವಲ್ಪ ಇಳಿಯುತ್ತದೆ. ಕೆಟ್ಟುಹೋಯಿತೆಂದು ಹೆದರಬೇಡಿ. ಮ್ಯಾಗ್ನೆಟೋ ಎರಡಿರುತ್ತವೆ, ಒಂದು ಕೈಕೊಟ್ಟರೆ ಇನ್ನೊಂದು ನಡೆಸಬೇಕು. ಎರಡೂ ಸರಿಯಿವೆಯೇ ಎಂದು ಬೇರೆ ಬೇರೆ ಪರೀಕ್ಷಿಸುತ್ತಿರುತ್ತಾರೆ.

ಇಷ್ಟೆಲ್ಲ ಆಗಿ ಅವರು ‘ಇವತ್ತು ಬೇಡ’ ಅಂದರೆ? ಅಲ್ಲೇ ಇದೆ ನಿಮ್ಮ ನಿಜವಾದ ಪರೀಕ್ಷೆ. ರಜೆ ಹಾಕಿ ಬಂದಿದ್ದೇವೆ, ಮೊಮ್ಮಗ ಅಳುತ್ತಾನೆ, ಒಂದೇ ಒಂದು ಸುತ್ತು ಎಂದೆಲ್ಲ ಕಾಡಬೇಡಿ. ಮೋಡ ಕೆಳಗಿಳಿದಿದ್ದರೂ ಅಡ್ಡಗಾಳಿ ಜೋರಾಗಿದ್ದರೂ ಹೋಗದಿರುವುದೇ ಅವರ ಕೆಲಸ. ಬೇಡ ಎನ್ನಲು ಬರುವವರ ಪಕ್ಕದಲ್ಲೇ ನೀವು ಕೂರಬೇಕಾದ್ದು. ತಾಳಿದವನು ಬಾಳಿಯಾನು, ಇನ್ನೊಂದು ದಿನ ಗೊತ್ತುಮಾಡಿಕೊಂಡು ಮನೆಗೆ ಹೋಗಿ.

ಸರಿ, ಏರಿದಿರಿ ಅಂದುಕೊಳ್ಳಿ. ಗಂಟೆಗೆ ಸುಮಾರು ನೂರು ಕಿಲೋಮೀಟರ್ ವೇಗ ಬಂದಾಗ ಮೂಗು ಮೇಲೆತ್ತುತ್ತಾರೆ, ಚಕ್ರದ ಗಡಗಡ ಥಟ್ಟನೆ ನಿಂತುಬಿಡುತ್ತದೆ. ಆ ಒಂದು ಕ್ಷಣಕ್ಕಾಗಿಯೇ ಹೋಗಬೇಕು ಕಣ್ರೀ! ದೊಡ್ಡ ವಿಮಾನದಲ್ಲಿ ಅದು ತಿಳಿಯುವುದೇ ಇಲ್ಲ. ಜಕ್ಕೂರಿನ ಕಡೆಯಾದರೆ ಪಕ್ಕದಲ್ಲೇ ಕೆರೆ, ತಿಳಿಯಾದ ಬೆಳಿಗ್ಗೆ ಉತ್ತರಕ್ಕೆ ನಂದಿಬೆಟ್ಟ. ನಿಮಗೆ ಹಿಡಿಕೆ ಕೊಟ್ಟಾಗ ಮುಷ್ಟಿ ಬಿಗಿಯಬೇಡಿ, ಎರಡು ಬೆರಳು, ಒಂದು ಹೆಬ್ಬೆರಳು ಸಾಕು. ಸರಿಯಾಗಿ ಹದಗೊಳಿಸಿದ ವಿಮಾನ ಕೈಬಿಟ್ಟರೂ ನೆಟ್ಟಗೆ ಹೋಗುತ್ತದೆ. ಅದನ್ನು ಅಲ್ಲಾಡಿಸುವುದು ಬಹಳ ಸಲ ನಮ್ಮ ಹೆದರಿದ ಕೈಯೇ. ಮುಂದಿನ ಗಡಿಯಾರಗಳನ್ನೇ ದಿಟ್ಟಿಸಬೇಡಿ, ದೂರದಲ್ಲಿ ನೆಲ ಮತ್ತು ಆಕಾಶ ಸೇರುವ ಗೆರೆಯ ಮೇಲೆ ಕಣ್ಣಿಡಿ. ವಿಮಾನವೂ ನೇರವಾಗುತ್ತದೆ, ಹೊಟ್ಟೆಯೂ ಸುಮ್ಮನಿರುತ್ತದೆ. ತಿರುಗಿಸುವ ಮೊದಲು ಆ ಕಡೆ ಕತ್ತು ತಿರುಗಿಸಿ ನೋಡಿ. ಬೇರೆ ವಿಮಾನವೋ ಹದ್ದೋ ಕಂಡರೆ ಕೂಡಲೇ ಹೇಳಿ, ಅಂಥ ಮಾತಿಗೆ ಮೌನದ ನಿಯಮವಿಲ್ಲ. ‘ಐ ಹ್ಯಾವ್ ಕಂಟ್ರೋಲ್’ ಅಂದರೆ ತಕ್ಷಣ ಕೈಕಾಲು ಎರಡನ್ನೂ ಬಿಡಿ. ಚರ್ಚೆ ಆಮೇಲೆ.

ತೊಳಸಿದರೆ ಸಂಕೋಚ ಬೇಡ, ಮೊದಲ ಸೂಚನೆಗೇ ಹೇಳಿಬಿಡಿ. ಮೇಲಿನ ಗಾಳಿಕಿಂಡಿ ತೆರೆದು ಮುಖಕ್ಕೆ ತಣ್ಣನೆ ಗಾಳಿ ಬಿಟ್ಟುಕೊಂಡರೆ ಎಷ್ಟೋ ಮೇಲು. ಚೀಲವೂ ಇರುತ್ತದೆ. ವಿಮಾನದ ವೇಗ ತಗ್ಗಿಸಿ ರೆಕ್ಕೆಯ ಹಿಡಿತ ತಪ್ಪುವುದನ್ನು ತೋರಿಸಲೇ ಎಂದು ಕೇಳಿದರೆ, ಬೇಡವೆನಿಸಿದಲ್ಲಿ ಬೇಡ ಅನ್ನಿ, ಅದು ಹೇಡಿತನವಲ್ಲ.

ಎಲ್ಲರ ಮನಸ್ಸಿನಲ್ಲೂ ಇರುವ ಪ್ರಶ್ನೆ ನನಗೆ ಗೊತ್ತು: ಎಂಜಿನ್ ನಿಂತರೆ? ಕಲ್ಲಿನಂತೆ ಬೀಳುವುದಿಲ್ಲ. ಸೆಸ್ನಾ 172 ಒಂದು ಕಿಲೋಮೀಟರ್ ಎತ್ತರದಲ್ಲಿದ್ದರೆ, ಗಾಳಿ ಇಲ್ಲದಾಗ ಎಂಜಿನ್ನಿಲ್ಲದೆಯೂ ಎಂಟೊಂಬತ್ತು ಕಿಲೋಮೀಟರ್ ತೇಲಿಕೊಂಡು ಹೋಗುತ್ತದೆ. ಒಳ್ಳೆಯ ಪೈಲಟ್ಟು ಹಾರುತ್ತಿರುವಾಗೆಲ್ಲ ಕೆಳಗೆ ಬಯಲು ಎಲ್ಲಿದೆ ಎಂದು ನೋಡಿಟ್ಟುಕೊಂಡೇ ಇರುತ್ತಾರೆ. ನೀವೂ ಕೇಳಿ, ‘ಈಗ ನಿಂತರೆ ಎಲ್ಲಿ ಇಳಿಸುತ್ತೀರಿ?’ ಎಂದು. ಬೆರಳು ತೋರಿಸಿ ಹೇಳುತ್ತಾರೆ. ನಿಮ್ಮ ಎದೆಬಡಿತ ಇಳಿಯುತ್ತದೆ.

ಇಳಿಯುವಾಗ ಕೈ ನಿಮ್ಮ ಮಡಿಲಲ್ಲಿರಲಿ, ಕಾಲು ಪೆಡಲಿನಿಂದ ದೂರವಿರಲಿ. ನೆಲ ಮುಟ್ಟುವ ಹೊತ್ತಿಗೆ ಪೀಪಿ ಊದಿದಂಥ ಸದ್ದು ಬರುತ್ತದೆ. ವೇಗ ತೀರಾ ತಗ್ಗಿದೆ ಎಂದು ಎಚ್ಚರಿಸುವ ಸದ್ದು ಅದು, ಇಳಿಯುವಾಗ ವೇಗ ತಗ್ಗಲೇಬೇಕಾದ್ದರಿಂದ ಸಹಜ. ಇನ್ನೇನು ಮುಟ್ಟಿತು ಅನ್ನುವಷ್ಟರಲ್ಲಿ ಎಂಜಿನ್ ಜೋರುಮಾಡಿ ಮತ್ತೆ ಮೇಲೇರಿದರೂ ಕಿರುಚಬೇಡಿ. ರನ್‌ವೇಗೆ ನಾಯಿ ಬಂದಿರಬಹುದು, ಗಾಳಿ ತಳ್ಳಿರಬಹುದು. ಇನ್ನೊಂದು ಸುತ್ತು ಬಂದು ಇಳಿಸುತ್ತಾರೆ.

ನಿಂತ ಕೂಡಲೇ ಬಾಗಿಲು ತೆಗೆಯಬೇಡಿ, ಪ್ರೊಪೆಲ್ಲರು ಪೂರ್ತಿ ನಿಲ್ಲಲಿ. ಇಳಿದ ಮೇಲೆ ತಲೆ ತಿರುಗುತ್ತಿದ್ದರೆ ಅರ್ಧ ಗಂಟೆ ನೆರಳಲ್ಲಿ ಕೂತು, ನೀರು ಕುಡಿದು, ಆಮೇಲೆ ಗಾಡಿ ಓಡಿಸಿ. ಕಲಿಯುವ ಮನಸ್ಸಿರುವವರು ಆ ಸಮಯವನ್ನು ಲಾಗ್‌ಬುಕ್ಕಿನಲ್ಲಿ ಬರೆಸಿಕೊಳ್ಳಬಹುದೇ ಎಂದು ಕೇಳಿ.

ಪೈಲಟ್ಟಾಗಬೇಕೆಂಬ ಮಕ್ಕಳ ಅಪ್ಪ ಅಮ್ಮಂದಿರೇ, ನಿಮ್ಮ ಜೊತೆ ಇನ್ನೆರಡು ಮಾತಿದೆ. ಮಗಳ ಮುಖ ಅರಳಿದ್ದು ಕಂಡು ಅಲ್ಲೇ ಆಫೀಸಿನಲ್ಲಿ ಚೆಕ್ ಬರೆಯಬೇಡಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತಾಗುತ್ತದೆ. ನಮ್ಮಲ್ಲಿ 16 ತುಂಬಿದವರಿಗೆ ವಿದ್ಯಾರ್ಥಿ ಲೈಸೆನ್ಸ್, 18 ತುಂಬಿ 200 ಗಂಟೆ ಹಾರಿದ ಮೇಲೆ ವೃತ್ತಿಯ ಲೈಸೆನ್ಸ್. ಆ ದಾರಿಗೆ ಲಕ್ಷಗಟ್ಟಲೆ ಹಣ, ಎಷ್ಟೋ ಮನೆಗಳಲ್ಲಿ ಸೈಟೇ ಅಡವು. ಅಷ್ಟನ್ನೂ ಕಟ್ಟಿಯಾದ ಮೇಲೆ ವೈದ್ಯಕೀಯ ಪರೀಕ್ಷೆಯಲ್ಲಿ ಬಣ್ಣಗುರುಡೋ ಮತ್ತೊಂದೋ ಕಂಡು ಅತ್ತವರನ್ನು ನಮ್ಮಣ್ಣ ನೋಡಿದ್ದಾನೆ. ಕನ್ನಡಕ ಇದ್ದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ, ಅದಕ್ಕೆ ಹೆದರಬೇಡಿ. ಆದರೆ ಮೊದಲು ಡಿಜಿಸಿಎ ಪಟ್ಟಿಯಲ್ಲಿರುವ ವೈದ್ಯರ ಹತ್ತಿರ ಕ್ಲಾಸ್ 2, ಆಮೇಲೆ ಕ್ಲಾಸ್ 1 ಪರೀಕ್ಷೆ ಮಾಡಿಸಿ, ಫಲಿತಾಂಶ ಕೈಗೆ ಬರಲಿ. ಅಷ್ಟರಲ್ಲಿ ಮಗಳನ್ನು ಇನ್ನೊಂದು ಸಲ ಕಳಿಸಿ, ಈ ಸಲ ಸ್ವಲ್ಪ ಗಾಳಿಯಿರುವ ಹೊತ್ತಿನಲ್ಲಿ, ನೀವು ಜೊತೆಗೆ ಹೋಗದೆ. ಕುಕ್ಕಿಸಿಕೊಂಡು ಬಂದ ಮೇಲೂ ಅವಳು ‘ಮತ್ತೆ ಯಾವಾಗ?’ ಅಂತ ಕೇಳಿದರೆ, ಆಗ ಬ್ಯಾಂಕಿನವರ ಹತ್ತಿರ ಮಾತಾಡಿ.